ಹಳೆ ಸಾಲುಮನೆಯ ಕಿಟಕಿ ಕಲ್ಲು ಬದಲಿಸುವುದು ಹೇಗೆ? ಕರಾವಳಿಯ ಮಳೆಗೆ ನಿಲ್ಲುವ ಹಾಗೆ ಒಂದು ಸಮಗ್ರ ಮಾರ್ಗದರ್ಶಿ

ಜೂನ್ ಎರಡನೇ ವಾರ ಕಳೆಯುವಾಗ ಕಿಟಕಿಯ ಕೆಳಗೆ, ಗೋಡೆಯ ಒಳಬದಿಯಲ್ಲಿ, ಅಂಗೈ ಅಗಲದ ಒಂದು ಕಂದು ಕಲೆ ಮೂಡುತ್ತಿತ್ತು. ಜುಲೈ ಮುಗಿಯುವಾಗ ಅದು ನೆಲ ಮುಟ್ಟುತ್ತಿತ್ತು. ಪೈಂಟ್ ಹಪ್ಪಳದ ಹಾಗೆ ಏಳುತ್ತಿತ್ತು. ಮೂರು ವರ್ಷ ನಾವು ಪೈಂಟನ್ನೇ ಬೈದೆವು. ಎರಡು ಸಲ ನೀರು ತಡೆಯುವ ಪೈಂಟ್ ಬಳಿಸಿದೆವು. ಕೊನೆಗೆ ಬಂದ ಹಿರಿಯ ಮೇಸ್ತ್ರಿಯೊಬ್ಬರು ಗೋಡೆ ನೋಡಲೇ ಇಲ್ಲ. ಹೊರಗೆ ಹೋಗಿ ಕಿಟಕಿ ಕಲ್ಲಿನ ಅಡಿಗೆ ಕೈ ಹಾಕಿ ಸವರಿದರು. "ಅಕ್ಕಾ, ಕಲ್ಲು ಮೇಲಿಂದ ಚಂದವೇ ಉಂಟು. ಅಡಿಯಿಂದ ನೋಡಿ" ಅಂದರು. ಅಡಿಯಲ್ಲಿ ಕಲ್ಲು ನಡುವೆ ಬಿರುಕು ಬಿಟ್ಟಿತ್ತು. ಬಿರುಕಿನಲ್ಲಿ ಪಾಚಿ ಬೆಳೆದಿತ್ತು.

ನಮ್ಮದು ಮಂಗಳೂರಿನ ರಥಬೀದಿ ಹತ್ತಿರದ ಓಣಿಯ ಹಳೆ ಸಾಲುಮನೆ. ಎರಡು ಬದಿಯ ಗೋಡೆಯೂ ಪಕ್ಕದ ಮನೆಯವರ ಜೊತೆ ಪಾಲು. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ಸುಣ್ಣದ ಗಾರೆ, ಮೇಲೆ ಹೆಂಚು. ಇಂಥ ಮನೆಗೆ ಬೆಳಕು, ಗಾಳಿ ಬರುವುದು ಎದುರಿನಿಂದ ಮತ್ತು ಹಿಂದಿನಿಂದ ಮಾತ್ರ. ಹಾಗಾಗಿ ಇರುವ ನಾಲ್ಕೈದು ಕಿಟಕಿಗಳೇ ಮನೆಯ ಜೀವ. ಅವುಗಳ ಕೆಳಗಿನ ಕಲ್ಲು, ಅಂದರೆ ಮೇಸ್ತ್ರಿಗಳು ಸಿಲ್ ಅನ್ನುವ ಕಲ್ಲು, ಐದನ್ನೂ ನಾವು ಎರಡು ಬೇಸಿಗೆಯಲ್ಲಿ ಬದಲಿಸಿದೆವು. ಆಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಪೂರ್ತಿ ಕೆಲಸ ನೀವೇ ಮಾಡಬೇಕೆಂದಿಲ್ಲ. ಆದರೆ ಮೇಸ್ತ್ರಿಯ ಪಕ್ಕ ನಿಂತು ಏನು ಕೇಳಬೇಕು, ಎಲ್ಲಿ ಬೇಡ ಅನ್ನಬೇಕು ಎಂದು ಗೊತ್ತಿರಲೇಬೇಕು.

ಮೊದಲು ಕಾಯಿಲೆ ಎಲ್ಲಿದೆ ನೋಡಿ

ಸಿಲ್ ಕಲ್ಲಿನ ಕೆಲಸ ಒಂದೇ. ಕಿಟಕಿಯ ಮೇಲೆ ಹೊಡೆದು ಇಳಿದು ಬಂದ ಮಳೆನೀರನ್ನು ಗೋಡೆಗೆ ತಾಗದ ಹಾಗೆ ಆಚೆ ಬೀಳಿಸುವುದು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ನಷ್ಟು ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಕಡಲಿನ ಕಡೆಯ ಗಾಳಿಯ ಜೊತೆ ಓರೆಯಾಗಿ ಬರುತ್ತದೆ. ಮುರಕಲ್ಲು ತೂತು ತೂತಿನ ಕಲ್ಲು. ನೀರು ಸಿಕ್ಕಿದರೆ ಕುಡಿಯುತ್ತದೆ. ಪಶ್ಚಿಮ ಮತ್ತು ನೈಋತ್ಯಕ್ಕೆ ಮುಖ ಮಾಡಿದ ಕಿಟಕಿಗಳ ಕಲ್ಲೇ ಮೊದಲು ಹಾಳಾಗುವುದು ಇದರಿಂದ. ಪರೀಕ್ಷೆಯನ್ನೂ ಅಲ್ಲಿಂದಲೇ ಶುರು ಮಾಡಿ.

ಸಣ್ಣ ಸುತ್ತಿಗೆಯಿಂದ ಕಲ್ಲಿನ ಉದ್ದಕ್ಕೂ ಮೆಲ್ಲಗೆ ತಟ್ಟಿ. ಗಟ್ಟಿ ಕಲ್ಲು ಕಣ್ ಎಂದು ಉಲಿಯುತ್ತದೆ. ಒಡೆದದ್ದು ಡಬ್ ಎನ್ನುತ್ತದೆ. ಆಮೇಲೆ ಅಡಿಗೆ ಕೈ ಹಾಕಿ. ಒದ್ದೆ, ಪಾಚಿ, ಉದುರುವ ಗಾರೆ ಇದೆಯಾ ನೋಡಿ. ಕಲ್ಲಿನ ಮೇಲ್ಮೈ ಒಳಗಿನ ಕಡೆಗೆ ಇಳಿಜಾರಾಗಿದ್ದರೆ ಕಲ್ಲು ಎಷ್ಟೇ ಗಟ್ಟಿ ಇದ್ದರೂ ಎತ್ತಿ ಕೂರಿಸಲೇಬೇಕು. ಕಬ್ಬಿಣದ ಸರಳುಗಳನ್ನು ನೇರ ಕಲ್ಲಿಗೆ ಇಳಿಸಿದ್ದರೆ ಅವುಗಳ ಬುಡ ನೋಡಿ. ಕಡಲ ಗಾಳಿಯ ಉಪ್ಪಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕಾದ ಕಬ್ಬಿಣ ಉಬ್ಬುತ್ತದೆ. ಉಬ್ಬಿದ ಸರಳು ಒಳ್ಳೆ ಕಲ್ಲನ್ನೂ ಒಳಗಿನಿಂದಲೇ ಸೀಳುತ್ತದೆ. ನಮ್ಮ ಎರಡು ಕಲ್ಲು ಹೋದದ್ದು ಹೀಗೆ.

ಕೂದಲೆಳೆಯ ಬಿರುಕು, ಅಂಚಿನಲ್ಲಿ ಸಣ್ಣ ಚಕ್ಕೆ ಹಾರಿದ್ದು, ಇಷ್ಟೇ ಆದರೆ ಬದಲಿಸಬೇಡಿ. ಸಂದು ಮುಚ್ಚಿದರೆ ಸಾಕು. ಹಳೆ ಕಲ್ಲು ಉಳಿಯುವುದಾದರೆ ಉಳಿಯಲಿ. ಇನ್ನೊಂದು ಎಚ್ಚರಿಕೆ: ಕಿಟಕಿಯ ಮೂಲೆಯಿಂದ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಹೋಗಿದ್ದರೆ, ಅಥವಾ ಕಿಟಕಿ ಮೇಲಿನ ಮರದ ತೊಲೆ ಬಾಗಿದ್ದರೆ, ಅದು ಸಿಲ್ ಕಲ್ಲಿನ ಸಮಸ್ಯೆ ಅಲ್ಲ. ಕಲ್ಲು ಮುಟ್ಟುವ ಮೊದಲು ಎಂಜಿನಿಯರ್ ಒಬ್ಬರನ್ನು ಕರೆಸಿ.

ಕಲ್ಲು ಹೇಗೆ ಕೂತಿದೆ?

ಎರಡು ಬಗೆ ಇದೆ. ಒಂದರಲ್ಲಿ ಕಲ್ಲಿನ ಉದ್ದ ಕಿಟಕಿಯ ಅಗಲದಷ್ಟೇ. ಎರಡು ಬದಿಯ ಗೋಡೆಗಳ ನಡುವೆ ಸುಮ್ನೆ ಕೂತಿರುತ್ತದೆ. ಇದನ್ನು ತೆಗೆಯುವುದು ಸುಲಭ. ಇನ್ನೊಂದರಲ್ಲಿ ಕಲ್ಲಿನ ಎರಡು ತುದಿಗಳೂ ಮೂರು ನಾಲ್ಕು ಇಂಚು ಗೋಡೆಯ ಒಳಗೆ ಹೋಗಿರುತ್ತವೆ. ಅವುಗಳ ಮೇಲೆ ಬದಿಯ ಮುರಕಲ್ಲುಗಳು ಕೂತಿರುತ್ತವೆ. ಹಳೆ ಮನೆಗಳಲ್ಲಿ ಈ ಎರಡನೆಯದನ್ನು ಜಾಸ್ತಿ ನೋಡಿದ್ದೇನೆ. ಹೊರಗಿನಿಂದ ನೋಡಿದರೆ ಗೊತ್ತಾಗುತ್ತದೆ, ಕಲ್ಲಿನ ತುದಿ ಕಿಟಕಿಯ ಅಂಚು ದಾಟಿ ಗೋಡೆಯ ಮುಖದಲ್ಲಿ ಕಾಣುತ್ತದೆ. ಸಾರಣೆ ಮುಚ್ಚಿದ್ದರೆ ಒಂದು ಮೂಲೆಯಲ್ಲಿ ಸ್ವಲ್ಪ ಕೆತ್ತಿ ನೋಡಿ.

ದಾರಂದ, ಅಂದರೆ ಕಿಟಕಿಯ ಮರದ ಚೌಕಟ್ಟು, ಎಲ್ಲಿ ಕೂತಿದೆ ಎಂದೂ ನೋಡಿಕೊಳ್ಳಿ. ಅದರ ಕೆಳಗಿನ ಮರ ಸಿಲ್ ಕಲ್ಲಿನ ಹಿಂಬದಿಯ ಮೇಲೆ ನಿಂತಿದ್ದರೆ, ಕಲ್ಲು ತೆಗೆಯುವಾಗ ದಾರಂದಕ್ಕೆ ಆಧಾರ ಬೇಕು. ಮರದ ಅಡಿಗೆ ಸ್ಕ್ರೂ ಡ್ರೈವರ್ ತುದಿ ಒತ್ತಿ ನೋಡಿ. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದರೆ ಅದು ಕುಂಬಾಗಿದೆ ಅಥವಾ ಗೆದ್ದಲು ತಿಂದಿದೆ. ಬಡಗಿಯನ್ನೂ ಜೊತೆಗೇ ಕರೆಯಿರಿ. ಕಲ್ಲು ಕೂರಿಸಿದ ಮೇಲೆ ಮರ ಬದಲಿಸಲು ಹೊರಟರೆ ಎರಡು ಕೆಲಸವೂ ಕೆಡುತ್ತದೆ.

ಯಾವ ಕಲ್ಲು, ಎಷ್ಟು ಅಳತೆ?

ನನ್ನ ಮಟ್ಟಿಗೆ ಉತ್ತರ ಶಿಲೆಕಲ್ಲು, ಅಂದರೆ ಗ್ರಾನೈಟ್. ಕಾರ್ಕಳದ ಬಾಹುಬಲಿ 1432ರಿಂದ ಬಯಲಲ್ಲಿ ನಿಂತು ಇದೇ ಮಳೆಯನ್ನು ತಡೆದುಕೊಂಡಿದ್ದಾನೆ. ಕಲ್ಲಿನ ಕೆಲಸ ಗೊತ್ತಿರುವವರೂ ಆ ಕಡೆ ಸಿಗುತ್ತಾರೆ. ಕಡಪ ಕಲ್ಲು ಕಡಿಮೆಗೆ ಸಿಗುತ್ತದೆ, ಒಳಗೆ ಅಡುಗೆಮನೆ ಕಪಾಟಿಗೆ ಚೆನ್ನಾಗಿದೆ. ಆದರೆ ಅದು ಪದರ ಪದರದ ಸುಣ್ಣಕಲ್ಲು. ಹೊರಗೆ ಬಿಸಿಲು ಮಳೆಗೆ ಪದರ ಬಿಡುತ್ತದೆ. ಮುಕ್ಕಾಲು ಇಂಚಿನ ಪಾಲಿಶ್ ಗ್ರಾನೈಟ್ ಹಲಗೆ ಹಾಕಿಸಿ ಅಂತ ಅಂಗಡಿಯವರು ಹೇಳುತ್ತಾರೆ. ಹಳೆ ಗೋಡೆಗೆ ಅದು ಬೇಡ. ಕಲ್ಲು ಎರಡರಿಂದ ಮೂರು ಇಂಚು ದಪ್ಪ ಇರಲಿ. ಕಾರಣ ಮುಂದೆ ಬರುತ್ತದೆ.

ಅಳತೆ ತೆಗೆಯುವಾಗ ಟೇಪ್ ಒಂದನ್ನೇ ನಂಬಬೇಡಿ. ಹಳೆ ಮನೆಯಲ್ಲಿ ಯಾವ ಮೂಲೆಯೂ ಸರಿ ಕೋನ ಇರುವುದಿಲ್ಲ. ದಪ್ಪ ರಟ್ಟಿನಲ್ಲಿ ಪ್ರತಿ ಕಿಟಕಿಗೂ ಬೇರೆ ಮಾದರಿ ಕತ್ತರಿಸಿ. ಅದರ ಮೇಲೆ ಕಿಟಕಿಯ ನಂಬರ್, ಒಳಬದಿ, ಹೊರಬದಿ ಬರೆಯಿರಿ. ಕಲ್ಲಿನವರಿಗೆ ಆ ರಟ್ಟನ್ನೇ ಕೊಡಿ. ಜೊತೆಗೆ ಈ ಐದು ವಿಷಯ ಬಿಡಿಸಿ ಹೇಳಿ:

ಒಂದು, ಕಲ್ಲು ಸಾರಣೆಯಾದ ಗೋಡೆಯಿಂದ ಎರಡು ಇಂಚು ಮುಂದೆ ಚಾಚಬೇಕು.

ಎರಡು, ಮೇಲ್ಮೈ ಹೊರಗಿನ ಕಡೆಗೆ ಇಳಿಜಾರಿರಬೇಕು. ಆರು ಇಂಚಿಗೆ ಅರ್ಧ ಇಂಚು ಸಾಕು.

ಮೂರು, ತುದಿಗಳು ಗೋಡೆ ಒಳಗೆ ಹೋಗುವ ಕಲ್ಲಾದರೆ ಆ ತುದಿಗಳಲ್ಲಿ ಇಳಿಜಾರು ಬೇಡ. ಅಲ್ಲಿ ಸಮತಟ್ಟು ಬಿಡಬೇಕು. ಬದಿಯ ಮುರಕಲ್ಲು ಕೂರುವುದು ಆ ಸಮತಟ್ಟಿನ ಮೇಲೆ.

ನಾಲ್ಕು, ಹಿಂಬದಿಯಲ್ಲಿ, ದಾರಂದದ ಮರ ಬರುವ ಜಾಗದಲ್ಲಿ, ಅರ್ಧ ಇಂಚಿನ ಏರು. ಗಾಳಿಗೆ ನುಗ್ಗಿದ ನೀರು ಆ ಏರಿಗೆ ತಾಗಿ ತಿರುಗುತ್ತದೆ.

ಐದನೆಯದು ಎಲ್ಲಕ್ಕಿಂತ ಮುಖ್ಯ. ಕಲ್ಲಿನ ಅಡಿಯಲ್ಲಿ, ಮುಂದಿನ ಅಂಚಿನಿಂದ ಒಂದು ಇಂಚು ಹಿಂದೆ, ಉದ್ದಕ್ಕೆ ಒಂದು ಗೀರು. ಅರ್ಧ ಇಂಚು ಅಗಲ, ಕಾಲು ಇಂಚಿಗಿಂತ ಸ್ವಲ್ಪ ಜಾಸ್ತಿ ಆಳ. ನೀರಿಗೆ ಒಂದು ಗುಣ ಇದೆ. ಅಂಚಿಗೆ ಬಂದ ಹನಿ ನೇರ ಬೀಳುವುದಿಲ್ಲ. ಕಲ್ಲಿನ ಅಡಿಗೆ ಅಂಟಿಕೊಂಡು ಹಿಂದಕ್ಕೆ, ಗೋಡೆಯ ಕಡೆಗೆ ಹರಿಯುತ್ತದೆ. ಗೀರಿನ ತುಟಿಗೆ ಬಂದಾಗ ಮುಂದೆ ಹೋಗಲು ದಾರಿ ಇಲ್ಲದೆ ಕೆಳಗೆ ಬೀಳುತ್ತದೆ. ಗೀರು ಗೋಡೆಯ ಒಳಗಿನ ತನಕ ಹೋಗಬಾರದು. ಎರಡು ಕಡೆಯೂ ಗೋಡೆಯಿಂದ ಒಂದು ಇಂಚು ಮೊದಲೇ ನಿಲ್ಲಬೇಕು. ಇಲ್ಲದಿದ್ದರೆ ಅದೇ ಒಂದು ಕಾಲುವೆಯಾಗಿ ನೀರನ್ನು ಗೋಡೆಗೆ ಉಣಿಸುತ್ತದೆ. ಕಲ್ಲು ಬಂದ ದಿನ ಮೊದಲು ಮಗುಚಿ ಇದನ್ನೇ ನೋಡಿ. ನಮಗೆ ಬಂದ ಐದರಲ್ಲಿ ಒಂದಕ್ಕೆ ಗೀರೇ ಇರಲಿಲ್ಲ. ವಾಪಸ್ ಕಳಿಸಿದೆವು.

ಕಲ್ಲಿನ ತೂಕ ಮರೆಯಬೇಡಿ. ನಾಲ್ಕು ಅಡಿ ಉದ್ದ, ಹತ್ತು ಇಂಚು ಅಗಲ, ಮೂರು ಇಂಚು ದಪ್ಪದ ಶಿಲೆಕಲ್ಲು ಸುಮಾರು 60 ಕೆ.ಜಿ. ಬರುತ್ತದೆ. ಇಬ್ಬರು ಹೊತ್ತರೂ ಉಪ್ಪರಿಗೆಯ ಕಿಟಕಿಗೆ ಏಣಿ ಹತ್ತಿ ತರುವ ವಸ್ತು ಅಲ್ಲ. ಗಟ್ಟಿ ಸಾರವೆ, ರಾಟೆ, ಹಗ್ಗ ಬೇಕೇ ಬೇಕು.

ಯಾವಾಗ, ಯಾರನ್ನು ಕೇಳಿ?

ಡಿಸೆಂಬರ್‌ನಿಂದ ಏಪ್ರಿಲ್ ಮಧ್ಯದ ತನಕ. ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ಶುರುವಾಗುತ್ತದೆ, ಸುಣ್ಣ ಬಲಿಯಲು ಸಮಯ ಸಿಗುವುದಿಲ್ಲ. ನಮ್ಮ ಓಣಿಯವರಿಗೆ ಇನ್ನೊಂದು ಲೆಕ್ಕವೂ ಇದೆ. ಮಾಘ ಶುದ್ಧ ಸಪ್ತಮಿಗೆ ವೆಂಕಟರಮಣ ದೇವಸ್ಥಾನದ ಕೊಡಿಯಾಲ್ ತೇರು. ಆ ದಿನಗಳಲ್ಲಿ ಬೀದಿಗೆ ಸಾರವೆ ಚಾಚಿದರೆ ಜನ ಎಲ್ಲಿ ನಿಲ್ಲಬೇಕು? ತೇರು ಮುಗಿದ ಮೇಲೆ ಕೆಲಸ ಹಿಡಿಯಿರಿ. ಬೀದಿಯಲ್ಲಿ ಸಾರವೆ ನಿಲ್ಲಿಸುವ ಬಗ್ಗೆ ಪಾಲಿಕೆಯಲ್ಲೂ ಮೊದಲೇ ಕೇಳಿಕೊಳ್ಳಿ.

ಪಕ್ಕದ ಮನೆಯವರಿಗೆ ಒಂದು ವಾರ ಮುಂಚೆ ಹೇಳಿ. ಪಾಲು ಗೋಡೆಯಲ್ಲಿ ಸುತ್ತಿಗೆಯ ಪೆಟ್ಟು ಅವರ ದೇವರ ಕೋಣೆಯ ತನಕ ಕೇಳುತ್ತದೆ. ಅವರ ಗೋಡೆಯಲ್ಲಿ ಮೊದಲೇ ಇರುವ ಬಿರುಕುಗಳ ಫೋಟೋ ಅವರ ಎದುರೇ ತೆಗೆದಿಡಿ. ಆಮೇಲೆ ಮಾತು ಬರುವುದಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿ ತಮ್ಮ ಕಿಟಕಿಯನ್ನೂ ಒಮ್ಮೆ ನೋಡಲು ಹೇಳಿದರು. ಮೇಸ್ತ್ರಿಗೆ ಒಂದೇ ಸಾರವೆಯಲ್ಲಿ ಎರಡು ಮನೆಯ ಕೆಲಸ ಆಯಿತು, ಖರ್ಚು ಹಂಚಿ ಹೋಯಿತು.

ಹಳೆ ಕಲ್ಲು ತೆಗೆಯುವುದು

ಕೆಳಗೆ ಬೀದಿಯಲ್ಲಿ ಹಗ್ಗ ಕಟ್ಟಿ ಜನ ಬರದ ಹಾಗೆ ಮಾಡಿ. ಕನ್ನಡಕ, ಮಾಸ್ಕ್, ಕೈಗವಸು ಹಾಕಿ. ಶಿಲೆಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತರೆ ಮತ್ತೆ ಹೊರಗೆ ಬರುವುದಿಲ್ಲ. ಬಟ್ಟೆ ಕಟ್ಟಿದರೆ ಸಾಲದು, ಎನ್95 ಮಾಸ್ಕ್ ಬೇಕು. ಕಟ್ಟಿಂಗ್ ಮಷಿನ್ ಓಡಿಸುವಾಗ ಒಬ್ಬರು ಕಲ್ಲಿಗೆ ನೀರು ಹನಿಸುತ್ತಾ ಇರಲಿ. ಕೈ ಒದ್ದೆ ಇರುವ ಕೆಲಸ ಇದು, ಮಷಿನ್‌ನ ಕರೆಂಟಿಗೆ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಕಡಿತ ಮಾಡುವ ಸ್ವಿಚ್) ಇರಲೇಬೇಕು.

ದಾರಂದದ ಅಡಿಯ ಮರಕ್ಕೆ ಒಳಗಿನಿಂದ ಎರಡು ಕಡೆ ಆಧಾರ ಕೊಡಿ. ನೆಲದಿಂದ ಗಟ್ಟಿ ರೀಪು ನಿಲ್ಲಿಸಿ, ಮೇಲೆ ಜೋಡಿ ಬೆಣೆ ಹೊಡೆದು ಬಿಗಿ ಮಾಡಿ. ಬಿಗಿ ಅಂದರೆ ಹಿಡಿದುಕೊಳ್ಳುವಷ್ಟು. ಮೇಲೆತ್ತುವಷ್ಟು ಅಲ್ಲ.

ಈಗ ಕಲ್ಲಿನ ಸುತ್ತಲಿನ ಗಾರೆ ನೋಡಿ. ಹಳೆ ಸುಣ್ಣದ ಗಾರೆಯಾದರೆ ಹ್ಯಾಕ್ಸಾ ಬ್ಲೇಡ್ ಸಾಕು. ಸಂದಿನಲ್ಲಿ ಬ್ಲೇಡ್ ಹಾಕಿ ಮೆಲ್ಲಗೆ ಕೊಯ್ದರೆ ರವೆಯ ಹಾಗೆ ಉದುರುತ್ತದೆ. ಕಲ್ಲು ಒಂದೇ ತುಂಡಾಗಿ ಹೊರಗೆ ಜಾರುತ್ತದೆ. ನಡುವೆ ಯಾರೋ ಸಿಮೆಂಟ್ ಹಾಕಿ ರಿಪೇರಿ ಮಾಡಿದ್ದರೆ ಕಷ್ಟ. ಎಳೆಯಲು ಹೋದರೆ ಬದಿಯ ಮುರಕಲ್ಲೂ ಕಿತ್ತು ಬರುತ್ತದೆ. ಆಗ ಕಲ್ಲನ್ನೇ ಕತ್ತರಿಸಬೇಕು. ಎರಡು ಬದಿಯ ಗೋಡೆಯಿಂದ ಒಂದು ಗೇಣು ಬಿಟ್ಟು ಎರಡು ಕಡೆ ಕೊಯ್ಯಿರಿ. ಮೊದಲು ನಡುವಿನ ತುಂಡು ತೆಗೆಯಿರಿ. ಆಮೇಲೆ ತುದಿಯ ತುಂಡುಗಳನ್ನು ಖಾಲಿಯಾದ ನಡುವಿನ ಕಡೆಗೆ ಅಲುಗಾಡಿಸಿ ಬಿಡಿಸಿ. ಹಾರೆಯಲ್ಲಿ ಮೀಟುವವರನ್ನು ಅಲ್ಲಿಯೇ ನಿಲ್ಲಿಸಿ. ಮೀಟಿದ ಬಲವೆಲ್ಲ ಮೃದುವಾದ ಮುರಕಲ್ಲಿನ ಮೇಲೆ ಬೀಳುತ್ತದೆ.

ಒಂದು ದಿನಕ್ಕೆ ಒಂದೇ ಕಿಟಕಿ ಬಿಚ್ಚಿ. ಬದಿಯ ಕಲ್ಲುಗಳು ಅಡಿ ಖಾಲಿಯಾಗಿ ರಾತ್ರಿಯಿಡೀ ತೂಗಬಾರದು.

ಅಡಿಯ ಹಾಸು

ಕಲ್ಲು ತೆಗೆದ ಜಾಗವನ್ನು ಬ್ರಷ್‌ನಿಂದ ಗುಡಿಸಿ. ಪುಡಿಯಾದ ಮುರಕಲ್ಲನ್ನು ಗಟ್ಟಿ ಸಿಗುವ ತನಕ ಕೆತ್ತಿ, ಮುರಕಲ್ಲಿನ ತುಂಡು ಮತ್ತು ಗಾರೆಯಿಂದ ತುಂಬಿ. ಒದ್ದೆ ಇದ್ದರೆ ಎರಡು ಮೂರು ದಿನ ಗಾಳಿಗೆ ಬಿಡಿ. ಆಗ ಬದಿಯ ಕಲ್ಲುಗಳ ಅಡಿಗೆ ಮರದ ತುಂಡು, ಬೆಣೆ ಕೊಟ್ಟಿರಬೇಕು.

ಗಾರೆಗೆ ನಾವು ಹಾಕಿದ್ದು ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಹೊಯಿಗೆ, ಅಂದರೆ ಮರಳು. ಬರೀ ಸಿಮೆಂಟ್ ಬೇಡ. ಅದು ಮುರಕಲ್ಲಿಗಿಂತ ಗಟ್ಟಿ. ಗೋಡೆ ಒಂದು ಕೂದಲು ಅಲುಗಿದರೆ ಗಾರೆ ಬಿಡುವುದಿಲ್ಲ, ಕಲ್ಲು ಬಿರುಕು ಬಿಡುತ್ತದೆ. ಒಳಗೆ ಸೇರಿದ ತೇವಕ್ಕೂ ಹೊರಗೆ ಬರಲು ದಾರಿ ಇಲ್ಲ. ಕಡಲ ಹೊಯಿಗೆ ಎಷ್ಟೇ ಕಡಿಮೆಗೆ ಸಿಕ್ಕಿದರೂ ಬೇಡ. ಅದರ ಉಪ್ಪು ವರ್ಷವರ್ಷವೂ ಗೋಡೆಯಲ್ಲಿ ಬಿಳಿ ಪುಡಿಯಾಗಿ ಅರಳುತ್ತದೆ. ಸುಣ್ಣದ ಕಲ್ಲು ತಂದು ಮನೆಯಲ್ಲೇ ಅರಳಿಸುವುದಾದರೆ ಮಕ್ಕಳನ್ನು ದೂರ ಇಡಿ. ನೀರು ಬಿದ್ದ ಕೂಡಲೇ ಅದು ಕೊತಕೊತ ಕುದಿಯುತ್ತದೆ. ಕಣ್ಣಿಗೆ ಹಾರಿದರೆ ತುಂಬಾ ಹೊತ್ತು ನೀರಲ್ಲಿ ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಹಾಸನ್ನು ತೆಳುವಾಗಿ ಸಮ ಮಾಡಿ, ಒಣಗಿದ ಮೇಲೆ ಅದರ ಮೇಲೆ ತೇವ ತಡೆಯುವ ಹಾಳೆ ಹಾಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಡಿಪಿಸಿ ಶೀಟ್ ಎಂದು ಕೇಳಿ. ಹಿಂಬದಿಯಲ್ಲಿ ದಾರಂದದ ಅಡಿಗೆ ಎರಡು ಇಂಚು ಮೇಲೆ ಮಡಚಿ. ಎರಡು ತುದಿಗಳಲ್ಲೂ ಹಾಗೆಯೇ ಮೇಲೆ ಮಡಚಿ. ತಟ್ಟೆಯ ಅಂಚಿನ ಹಾಗೆ ಮೂರು ಕಡೆ ಏರು, ಹೊರಗೆ ಮಾತ್ರ ತೆರೆದಿರಬೇಕು. ಸಂದಿನಿಂದ ಇಳಿದ ನೀರೂ ಹೊರಗೇ ಬರಲಿ.

ಹೊಸ ಕಲ್ಲು ಕೂರಿಸುವುದು: ನಡು ಖಾಲಿ ಇರಲಿ

ಇಲ್ಲಿ ನಿಧಾನ ಓದಿ. ಹೆಚ್ಚಿನ ಕಡೆ ತಪ್ಪುವುದು ಇಲ್ಲಿಯೇ.

ನಮ್ಮ ಹಿಂಬದಿಯ ಕಿಟಕಿಗೆ ಕೆಲವು ವರ್ಷ ಹಿಂದೆ ಒಬ್ಬರು ಗುತ್ತಿಗೆದಾರರು ಹೊಸ ಕಲ್ಲು ಹಾಕಿದ್ದರು. ಒಳ್ಳೆ ಕಲ್ಲು. ಅಡಿಗೆ ಉದ್ದಕ್ಕೂ ಸಿಮೆಂಟ್ ತುಂಬಿ, ತಟ್ಟಿ ಕೂರಿಸಿದ್ದರು. ನೋಡಲು ಭದ್ರ. ಎರಡು ಮಳೆಗಾಲ ಕಳೆಯುವಾಗ ಸರಿಯಾಗಿ ನಡುವಿನಲ್ಲಿ ತುಂಡಾಯಿತು. ನನಗೆ ತುಂಬಾ ಬೇಸರವಾಗಿತ್ತು, ಕಲ್ಲೇ ಸರಿ ಇರಲಿಲ್ಲ ಎಂದುಕೊಂಡಿದ್ದೆ.

ಕಾರಣ ಬೇರೆ. ಕಿಟಕಿಯ ಎರಡು ಬದಿಯ ಗೋಡೆಗಳ ಮೇಲೆ ಮಾಡಿನ ಭಾರ ಇದೆ. ಕಿಟಕಿಯ ಕೆಳಗಿನ ಗೋಡೆಯ ಮೇಲೆ ಏನೂ ಭಾರ ಇಲ್ಲ. ಬದಿಯ ಗೋಡೆಗಳು ಸ್ವಲ್ಪ ಕೆಳಗೆ ಕೂರುತ್ತವೆ, ನಡುವಿನದು ಇದ್ದಲ್ಲೇ ಇರುತ್ತದೆ. ನಮ್ಮೂರಲ್ಲಿ ಮುರಕಲ್ಲಿನ ಪದರದ ಅಡಿಯಲ್ಲಿ ಶೇಡಿಮಣ್ಣು ಇರುವ ಜಾಗ ಎಷ್ಟೋ. ಒಣಗಿದಾಗ ಗಟ್ಟಿ, ನೀರು ಕುಡಿದರೆ ಮೆತ್ತಗೆ. ಹಾಗಾಗಿ ಹಳೆ ಮನೆಯೂ ಮಳೆಗಾಲದಲ್ಲಿ ಅಷ್ಟಿಷ್ಟು ಅಲುಗುತ್ತದೆ. ಕಲ್ಲು ನಡುವಿನಲ್ಲಿ ಗಟ್ಟಿಯಾಗಿ ಕೂತಿದ್ದರೆ ಎರಡು ತುದಿ ಕೆಳಗೆ ಒತ್ತಿದಾಗ, ಮೊಣಕಾಲಿನ ಮೇಲಿಟ್ಟು ಮುರಿದ ಕಟ್ಟಿಗೆಯ ಹಾಗೆ ತುಂಡಾಗುತ್ತದೆ.

ಆದ್ದರಿಂದ ಗಾರೆ ಎರಡು ತುದಿಗಳ ಅಡಿಗೆ ಮಾತ್ರ ಹಾಕಿ. ಒಂದೊಂದು ಕಡೆ ನಾಲ್ಕೈದು ಇಂಚು. ನಡುವೆ ಅರ್ಧ ಇಂಚು ಖಾಲಿ ಇರಲಿ. ಎರಡು ಮೂರು ಇಂಚು ದಪ್ಪದ ಕಲ್ಲು ಬೇಕು ಅಂದದ್ದು ಇದಕ್ಕೇ. ಅಷ್ಟು ದಪ್ಪ ಇದ್ದರೆ ಅದು ಎರಡು ತುದಿಯ ಮೇಲೆ ಸೇತುವೆಯ ಹಾಗೆ ನಿಲ್ಲುತ್ತದೆ. ಮುಕ್ಕಾಲು ಇಂಚಿನ ಹಲಗೆ ನಿಲ್ಲುವುದಿಲ್ಲ.

ಕೂರಿಸುವ ಕ್ರಮ ಹೀಗೆ. ಕಲ್ಲನ್ನೂ ಹಾಸಿನ ತುದಿಗಳನ್ನೂ ನೀರು ಚಿಮುಕಿಸಿ ಒದ್ದೆ ಮಾಡಿ. ಗಾರೆಯನ್ನು ಬೇಕಾದುದಕ್ಕಿಂತ ಸ್ವಲ್ಪ ಎತ್ತರ ಹಾಕಿ. ಸಾರವೆಯ ಮೇಲೆ ಕಲ್ಲು ಇಟ್ಟು, ಹೊರಗಿನಿಂದ ನೇರ ಒಳಗೆ ತಳ್ಳಿ. ತುದಿಗಳು ಹೋಗುವ ಗೋಡೆಯ ಗೂಡಿನಲ್ಲಿ, ಕಲ್ಲಿನ ಮೇಲೆ ಅರ್ಧ ಇಂಚು ಸಂದು ಇದ್ದರೆ ಕಲ್ಲು ಸಲೀಸಾಗಿ ಹೋಗುತ್ತದೆ. ರಬ್ಬರ್ ಸುತ್ತಿಗೆಯಲ್ಲಿ ತಟ್ಟುತ್ತಾ ಉದ್ದಕ್ಕೆ ಮಟ್ಟ ನೋಡಿ. ಅಡ್ಡಕ್ಕೆ ಮಟ್ಟ ನೋಡಬೇಡಿ, ಅಲ್ಲಿ ಇಳಿಜಾರು ಬೇಕಲ್ವಾ. ಗೋಲಿಯೊಂದನ್ನು ದಾರಂದದ ಹತ್ತಿರ ಇಟ್ಟು ಬಿಟ್ಟರೆ ಅದು ನೇರ ಹೊರಗೆ ಉರುಳಬೇಕು. ಬದಿಗೆ ಓಡಿದರೆ ಆ ತುದಿ ತಗ್ಗಾಗಿದೆ.

ತುದಿಗಳ ಮೇಲಿನ ಸಂದನ್ನು ಮರುದಿನ ತುಂಬಿ. ಗಾರೆ ಇಲ್ಲಿ ತೆಳು ಬೇಡ. ಮುಷ್ಟಿ ಕಟ್ಟಿದರೆ ಉಂಡೆ ಆಗಬೇಕು, ಕೈಗೆ ನೀರು ಅಂಟಬಾರದು. ಕಲ್ಲಿನ ಚಕ್ಕೆಗಳನ್ನು ನಡುನಡುವೆ ತುರುಕಿ, ಕೋಲಿನ ತುದಿಯಿಂದ ಗಟ್ಟಿಯಾಗಿ ಒತ್ತಿ. ಬದಿಯ ಮುರಕಲ್ಲಿನ ಭಾರ ಈಗ ಹೊಸ ಕಲ್ಲಿನ ಮೇಲೆ ಕೂರುತ್ತದೆ. ದಾರಂದದ ಆಧಾರವನ್ನು ಒಂದು ವಾರ ತೆಗೆಯಬೇಡಿ. ಒದ್ದೆ ಗೋಣಿ ಹೊದೆಸಿ, ಏಳು ದಿನ ಬೆಳಿಗ್ಗೆ ಸಂಜೆ ನೀರು ಹಾಕಿ.

ಸಂದು ಮುಚ್ಚುವುದು

ನಡುವಿನ ಖಾಲಿ ಜಾಗವನ್ನು ಒಂದು ತಿಂಗಳ ನಂತರ ಹೊರಮುಖದಲ್ಲಿ ಮಾತ್ರ ಮುಚ್ಚಿ. ಅರ್ಧ ಇಂಚು ಆಳ ಸಾಕು. ಇದಕ್ಕೆ ಸಿಮೆಂಟ್ ಇಲ್ಲದ ಗಾರೆ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಹೊಯಿಗೆ. ಎರಡು ಕಡೆ ಪೆನ್ಸಿಲ್ ದಪ್ಪದ ತೂತು ಬಿಡಿ. ಡಿಪಿಸಿ ಶೀಟ್ ಮೇಲೆ ಬಂದ ನೀರಿಗೆ ಅದೇ ಬಾಗಿಲು. ಕಲ್ಲು ಮತ್ತು ದಾರಂದದ ಮರದ ನಡುವಿನ ಸಂದಿಗೆ ಗಾರೆ ನಿಲ್ಲುವುದಿಲ್ಲ, ಮರ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಅಲ್ಲಿಗೆ ಹೊರಾಂಗಣದ ಸೀಲೆಂಟ್ ಹಾಕಿ. ಸರಳುಗಳನ್ನು ಮತ್ತೆ ಕಲ್ಲಿಗೆ ಇಳಿಸಬೇಡಿ. ದಾರಂದದ ಮರಕ್ಕೇ ಕೂರಿಸಿ.

ಗೋಡೆಯ ಸಾರಣೆ ಸರಿ ಮಾಡುವಾಗ ಕೆಲಸದವರು ಕಲ್ಲಿನ ಅಡಿಯ ಗೀರನ್ನೂ ಸೇರಿಸಿ ಮುಚ್ಚಿಬಿಡುತ್ತಾರೆ. ಕೆಟ್ಟ ಮನಸ್ಸಿನಿಂದ ಅಲ್ಲ, ಚಂದ ಕಾಣಲಿ ಅಂತ. ಅಲ್ಲೇ ನಿಂತು ನೋಡಿ. ಗೀರಿಗೆ ಒಂದು ಹಗ್ಗ ತುರುಕಿ ಇಟ್ಟು, ಸಾರಣೆ ಮುಗಿದ ಮೇಲೆ ಎಳೆದರೆ ಚಿಂತೆ ಇಲ್ಲ.

ಒಂದು ಚೊಂಬು ನೀರಿನ ಪರೀಕ್ಷೆ

ಗಾರೆ ಬಲಿತ ಮೇಲೆ ಕಲ್ಲಿನ ಕೆಳಗಿನ ಗೋಡೆಗೆ ಹಳೆ ಪೇಪರ್ ಅಂಟಿಸಿ. ಒಂದು ಚೊಂಬು ನೀರನ್ನು ದಾರಂದದ ಬುಡಕ್ಕೆ ನಿಧಾನ ಸುರಿಯಿರಿ. ಕೆಳಗಿನಿಂದ ನೋಡುತ್ತಾ ಇರಿ. ಅಂಚಿನ ಅಡಿಗೆ ಹನಿಗಳು ತಿರುಗುತ್ತವೆ. ಗೀರಿನ ತುಟಿಯಲ್ಲಿ ಸಾಲಾಗಿ ದಪ್ಪವಾಗುತ್ತವೆ, ಒಂದೊಂದಾಗಿ ಉದುರುತ್ತವೆ. ಪೇಪರ್ ಒಣಗಿಯೇ ಇದ್ದರೆ ಕೆಲಸ ಸರಿಯಾಗಿದೆ. ಎಲ್ಲಾದರೂ ಒದ್ದೆಯಾದರೆ ಅದರ ನೇರ ಮೇಲೆ ಗೀರಿನಲ್ಲಿ ಗಾರೆ ಸಿಕ್ಕಿಕೊಂಡಿರುತ್ತದೆ. ಉಳಿಯ ತುದಿಯಿಂದ ಕೆರೆದು ಮತ್ತೆ ಸುರಿಯಿರಿ.

ಒಳಗಿನ ಗೋಡೆಗೆ ಕೂಡಲೇ ಪೈಂಟ್ ಬಳಿಯಬೇಡಿ. ವರ್ಷಗಳಿಂದ ನೀರು ಕುಡಿದ ಮುರಕಲ್ಲು ಒಣಗಲು ಒಂದು ಬೇಸಿಗೆ ಪೂರ್ತಿ ಬೇಕು. ನಾವು ಆ ಮಳೆಗಾಲ ಹಳೆ ಕಲೆಯ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬಿಟ್ಟೆವು. ಆಗಸ್ಟ್ ಮುಗಿದರೂ ಕಲೆ ಗೆರೆ ದಾಟಲಿಲ್ಲ. ದೀಪಾವಳಿ ಕಳೆದ ಮೇಲೆ ಸುಣ್ಣ ಬಳಿದೆವು.

ಇನ್ನು ಪ್ರತಿ ವರ್ಷ ಮೇ ಕೊನೆಗೆ ಮಾಡಬೇಕಾದ್ದು ಒಂದೇ ಕೆಲಸ. ಕಲ್ಲಿನ ಅಡಿಯ ಗೀರಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ, ಜೇಡರ ಬಲೆ ಇರುತ್ತದೆ. ಹಿಡಿಸೂಡಿಯ ನಾಲ್ಕು ಕಡ್ಡಿ ಸೇರಿಸಿ ಆ ತುದಿಯಿಂದ ಈ ತುದಿಗೆ ಒಮ್ಮೆ ಎಳೆಯಿರಿ. ಹಾಗೆಯೇ ಆ ಎರಡು ತೂತಿಗೂ ಒಂದು ಕಡ್ಡಿ ಹಾಕಿ ತೆಗೆಯಿರಿ.